ಜರ್ಮನ್ ಪದಗಳ ಲಿಂಗ ತಪ್ಪುತ್ತಿದೆಯಾ? ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಚಮಚ, ಫೋರ್ಕ್, ಚಾಕು. ಕನ್ನಡದಲ್ಲಿ ಮೂರೂ 'ಅದು'. ಜರ್ಮನ್ ಭಾಷೆಯಲ್ಲಿ ಚಮಚ ಡೇರ್ ಲೋಫೆಲ್, ಪುಲ್ಲಿಂಗ. ಫೋರ್ಕ್ ಡೀ ಗಾಬೆಲ್, ಸ್ತ್ರೀಲಿಂಗ. ಚಾಕು ಡಾಸ್ ಮೆಸರ್, ನಪುಂಸಕಲಿಂಗ. ಪದದ ಮುಂದೆ ಬರುವ ಈ ಡೇರ್, ಡೀ, ಡಾಸ್‌ಗೆ ಆರ್ಟಿಕಲ್ ಎನ್ನುತ್ತಾರೆ. ಇಲ್ಲಿಂದಲೇ ನಮ್ಮ ಕಷ್ಟ ಶುರು. ಕನ್ನಡದಲ್ಲಿ ಲಿಂಗ ಅರ್ಥದ ಹಿಂದೆ ಹೋಗುತ್ತದೆ. ಗಂಡಸಾದರೆ ಅವನು, ಹೆಂಗಸಾದರೆ ಅವಳು, ವಸ್ತುವಾದರೆ ಅದು. ಜರ್ಮನ್ನಲ್ಲಿ ಲಿಂಗ ಇರುವುದು ವಸ್ತುವಿಗಲ್ಲ, ಪದಕ್ಕೆ. ಸಂಸ್ಕೃತ ಓದಿದವರಿಗೆ ಇದು ಹೊಸದಲ್ಲ. ಹೆಂಡತಿ ಅನ್ನೋಕೆ ಅಲ್ಲಿ ದಾರ ಪುಲ್ಲಿಂಗ, ಭಾರ್ಯಾ ಸ್ತ್ರೀಲಿಂಗ, ಕಲತ್ರ ನಪುಂಸಕಲಿಂಗ.

ಹಾಗಂತ ಎಲ್ಲವನ್ನೂ ಬಾಯಿಪಾಠ ಮಾಡಬೇಕು, ಬೇರೆ ದಾರಿಯೇ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ತಪ್ಪು ಎಲ್ಲಿ ಆಗುತ್ತಿದೆ ಎಂದು ಮೊದಲು ಗುರುತಿಸಬೇಕು. ಲಿಂಗ ತಪ್ಪಿತು ಎಂದು ಕಲಿಯುವವರು ಅಂದುಕೊಳ್ಳುವ ಎಷ್ಟೋ ಕಡೆ ನಿಜವಾಗಿ ತಪ್ಪಿರುವುದು ವಿಭಕ್ತಿ. ಕೆಳಗೆ ಒಂದೊಂದೇ ಲಕ್ಷಣ ಕೊಟ್ಟಿದ್ದೇನೆ. ಸುಲಭದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ.

ಲಕ್ಷಣ: ಪದ ಗೊತ್ತು, ಅರ್ಥ ಗೊತ್ತು, ಡೇರ್-ಡೀ-ಡಾಸ್ ಮಾತ್ರ ನೆನಪಾಗಲ್ಲ

ಮೊದಲು ನಿಮ್ಮ ನೋಟ್‌ಬುಕ್ ತೆಗೆದು ನೋಡಿ. 'ಟಿಶ್ – ಮೇಜು' ಎಂದು ಬರೆದಿದ್ದೀರಾ? ಹಾಗಿದ್ದರೆ ದೋಷ ನೆನಪಿನದಲ್ಲ. ಆ ಮಾಹಿತಿ ನಿಮ್ಮ ತಲೆಗೆ ಹೋಗೇ ಇಲ್ಲ. 'ಡೇರ್ ಟಿಶ್' ಎಂದೇ ಬರೆಯಬೇಕು, ಹಾಗೇ ಜೋರಾಗಿ ಹೇಳಬೇಕು. ಪುಸ್ತಕಗಳಲ್ಲಿ ಪದದ ಪಕ್ಕ ಆರ್, ಇ, ಎಸ್ ಎಂಬ ಒಂದೊಂದೇ ಅಕ್ಷರ ಕಂಡರೆ ಅವು ಡೇರ್, ಡೀ, ಡಾಸ್‌ಗಳ ಕೊನೆಯ ಅಕ್ಷರಗಳು. ನಿಘಂಟಿನಲ್ಲಿ ಎಂ, ಎಫ್, ಎನ್ ಎಂದಿದ್ದರೆ ಕ್ರಮವಾಗಿ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ.

ಇದಕ್ಕಿಂತಲೂ ನನಗೆ ಇಷ್ಟವಾದ ಇನ್ನೊಂದು ಉಪಾಯ ಇದೆ. ಹೊಸ ಪದ ಸಿಕ್ಕಾಗ 'ಇಷ್ ಹಾಬೆ' (ನನ್ನ ಹತ್ತಿರ ಇದೆ) ಎಂಬ ವಾಕ್ಯದಲ್ಲಿ ಇಟ್ಟು ಕಲಿಯಿರಿ. ಇಷ್ ಹಾಬೆ ಐನೆನ್ ಶ್ಲ್ಯುಸೆಲ್, ಬೀಗದ ಕೈ. ಇಷ್ ಹಾಬೆ ಐನೆ ಟಾಶೆ, ಚೀಲ. ಇಷ್ ಹಾಬೆ ಐನ್ ಬೂಖ್, ಪುಸ್ತಕ. ಐನೆನ್ ಬಂದರೆ ಪುಲ್ಲಿಂಗ, ಐನೆ ಬಂದರೆ ಸ್ತ್ರೀಲಿಂಗ, ಬರೀ ಐನ್ ಬಂದರೆ ನಪುಂಸಕ. ಮೂರೂ ಬೇರೆ ಬೇರೆಯಾಗಿ ಕಿವಿಗೆ ಬೀಳುತ್ತವೆ. ಸುಮ್ನೆ 'ಐನ್ ಶ್ಲ್ಯುಸೆಲ್, ಐನ್ ಬೂಖ್' ಎಂದು ಕಲಿತರೆ ಪುಲ್ಲಿಂಗವೂ ನಪುಂಸಕವೂ ಒಂದೇ ಥರ ಕೇಳಿಸುತ್ತವೆ. ಆಮೇಲೆ ಬೇರ್ಪಡಿಸೋದು ಕಷ್ಟ.

ಎರಡನೇ ಪರೀಕ್ಷೆಗೂ ಖರ್ಚಿಲ್ಲ. ಪದದ ಬಾಲ ನೋಡಿ. 'ಉಂಗ್', 'ಹೈಟ್', 'ಕೈಟ್', 'ಶಾಫ್ಟ್', 'ಟೇಟ್' ಎಂಬ ಪ್ರತ್ಯಯ ಇದ್ದರೆ ಕಣ್ಣು ಮುಚ್ಚಿ ಡೀ ಹಾಕಿ. ಡೀ ವೋನುಂಗ್ (ಮನೆ), ಡೀ ಗೆಝುಂಡ್‌ಹೈಟ್ (ಆರೋಗ್ಯ), ಡೀ ಫ್ರೊಯಂಡ್‌ಶಾಫ್ಟ್ (ಗೆಳೆತನ), ಡೀ ಉನಿವೆರ್ಸಿಟೇಟ್. 'ಶೆನ್' ಅಥವಾ 'ಲೈನ್' ಇದ್ದರೆ ಡಾಸ್. ಬೆಳಗ್ಗೆ ತಿನ್ನುವ ಬನ್ ಡಾಸ್ ಬ್ರೋಟ್‌ಶೆನ್. 'ಲಿಂಗ್', 'ಇಸ್ಮುಸ್' ಇದ್ದರೆ ಡೇರ್. ಡೇರ್ ಫ್ರ್ಯೂಲಿಂಗ್ ಎಂದರೆ ವಸಂತ, ಡೇರ್ ಶ್ಮೆಟರ್‌ಲಿಂಗ್ ಎಂದರೆ ಚಿಟ್ಟೆ. ಕ್ರಿಯಾಪದವನ್ನೇ ನಾಮಪದ ಮಾಡಿದರೆ ಅದೂ ಡಾಸ್: ಡಾಸ್ ಎಸೆನ್ (ಊಟ), ಡಾಸ್ ಲೇಸೆನ್ (ಓದು).

ಇಷ್ಟು ಬಾಲಗಳನ್ನು ಕಲಿತರೆ ಕಚೇರಿ ಪತ್ರಗಳಲ್ಲಿ ಬರುವ ಪದಗಳ ದೊಡ್ಡ ಪಾಲು ಕೈಗೆ ಸಿಗುತ್ತದೆ. ವಿಳಾಸ ನೋಂದಣಿ ಡೀ ಆನ್‌ಮೆಲ್ಡುಂಗ್, ಬಿಲ್ಲು ಡೀ ರೆಷ್ನುಂಗ್, ಆರೋಗ್ಯ ವಿಮೆ ಡೀ ಕ್ರಾಂಕೆನ್‌ಫೆರ್‌ಝಿಷೆರುಂಗ್. ಪದ ಎಷ್ಟೇ ಉದ್ದವಿರಲಿ, ಉಂಗ್ ಕಂಡ ಕೂಡಲೇ ಡೀ.

ಲಕ್ಷಣ: ಬಾಲ ನೋಡಿಯೇ ಹೇಳಿದೆ, ಆದರೂ ತಪ್ಪಾಯಿತು

ಇದಕ್ಕೆ ಎರಡು ಕಾರಣ ಇರಬಹುದು. ಒಂದು, ನೀವು ಬಾಲ ಅಂದುಕೊಂಡದ್ದು ಬಾಲವೇ ಅಲ್ಲ. ನೆಗೆತಕ್ಕೆ ಡೇರ್ ಶ್ಪ್ರುಂಗ್. ಕೊನೆಯಲ್ಲಿ ಉಂಗ್ ಕೇಳಿಸಿದರೂ ಅದು ಪ್ರತ್ಯಯವಲ್ಲ, ಪದದ ಮೈಯಲ್ಲೇ ಇರುವ ಸದ್ದು. ಅದನ್ನು ತೆಗೆದುಹಾಕಿ ನೋಡಿ, ಉಳಿದ 'ಶ್ಪ್ರ್'ಗೆ ಅರ್ಥವೇ ಇಲ್ಲ ಅಲ್ವಾ? 'ಐ' ಬಾಲವೂ ಹೀಗೇ. ಡೀ ಬೆಕರೈ (ಬೇಕರಿ), ಡೀ ಪೊಲಿತ್ಸೈ ಸರಿ, ಆದರೆ ಮೊಟ್ಟೆ ಡಾಸ್ ಐ. ಡೀ ನಾತ್ಸಿಯೋನ್ ಸರಿ, ಕ್ರೀಡಾಂಗಣ ಡಾಸ್ ಶ್ಟಾಡಿಯೋನ್.

ಎರಡನೇ ಕಾರಣ, ನೀವು ನಂಬಿದ ಬಾಲ ಅಷ್ಟು ಗಟ್ಟಿಯಲ್ಲ. ಎಲ್ಲ ಬಾಲಗಳೂ ಒಂದೇ ನಂಬಿಕೆಗೆ ಅರ್ಹವಲ್ಲ. 'ಎ' ಎಂದು ಮುಗಿಯುವ ಪದಗಳು ಬಹುಪಾಲು ಸ್ತ್ರೀಲಿಂಗ: ಡೀ ಲಾಂಪೆ, ಡೀ ಶೂಲೆ, ಡೀ ಶ್ಟ್ರಾಸೆ. ಆದರೆ ದಿನಾ ಬಳಸುವ ಕೆಲವು ಪದಗಳು ಇದರ ಹೊರಗಿವೆ. ಹೆಸರು ಡೇರ್ ನಾಮೆ, ಚೀಸ್ ಡೇರ್ ಕೇಝೆ, ಕಣ್ಣು ಡಾಸ್ ಔಗೆ, ಕೊನೆ ಡಾಸ್ ಎಂಡೆ. ಇವನ್ನು ಬೇರೆಯಾಗಿಯೇ ಕಲಿಯಿರಿ.

ಎಲ್ಲಕ್ಕಿಂತ ಜಾಸ್ತಿ ಮೋಸ ಮಾಡುವುದು 'ಅರ್' ಎಂದು ಮುಗಿಯುವ ಪದ. ಕೆಲಸ ಮಾಡುವವರ ಹೆಸರಾದರೆ, ಯಂತ್ರವಾದರೆ ಡೇರ್ ಹಾಕಬಹುದು: ಡೇರ್ ಲೇರರ್ (ಮೇಷ್ಟ್ರು), ಡೇರ್ ಕಂಪ್ಯೂಟರ್. ಮೇಷ್ಟ್ರು ಹೆಂಗಸಾದರೆ 'ಇನ್' ಸೇರಿ ಡೀ ಲೇರರಿನ್. ಉಳಿದ ಕಡೆ ಈ ಬಾಲವನ್ನು ನಂಬಲೇಬೇಡಿ. ಬೆಣ್ಣೆ ಡೀ ಬುಟರ್, ಕಿಟಕಿ ಡಾಸ್ ಫೆನ್‌ಸ್ಟರ್, ಕೋಣೆ ಡಾಸ್ ತ್ಸಿಮರ್, ನೀರು ಡಾಸ್ ವಾಸರ್. 'ನಿಸ್' ಎಂದು ಮುಗಿಯುವವು ಡೀ ಆಗಬಹುದು, ಡಾಸ್ ಕೂಡ ಆಗಬಹುದು. ಅನುಮತಿ ಡೀ ಎರ್‌ಲೌಪ್‌ನಿಸ್, ಅಂಕಪಟ್ಟಿ ಡಾಸ್ ತ್ಸೊಯ್ಗ್‌ನಿಸ್. ಇಲ್ಲಿ ಊಹಿಸಬೇಡಿ, ನಿಘಂಟು ತೆಗೆಯಿರಿ.

ಲಕ್ಷಣ: ನಿನ್ನೆ 'ಡೀ' ಇದ್ದ ಪದದ ಮುಂದೆ ಇವತ್ತು 'ಡೇರ್' ಕೇಳಿಸಿತು

ಅತಿ ಹೆಚ್ಚು ಜನರನ್ನು ಗೊಂದಲಕ್ಕೆ ತಳ್ಳುವ ಲಕ್ಷಣ ಇದೇ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಈ ವಾಕ್ಯ ನೋಡಿ: ಡೇರ್ ಶ್ಲ್ಯುಸೆಲ್ ಇಸ್ಟ್ ಇನ್ ಡೇರ್ ಟಾಶೆ. ಬೀಗದ ಕೈ ಚೀಲದಲ್ಲಿದೆ ಎಂದರ್ಥ. ಎರಡು ಸಲ ಡೇರ್ ಬಂದಿದೆ. ಮೊದಲನೆಯದು ಪುಲ್ಲಿಂಗದ್ದು, ಎರಡನೆಯದು ಸ್ತ್ರೀಲಿಂಗದ್ದು. ಚೀಲ ಇದ್ದಕ್ಕಿದ್ದಂತೆ ಪುಲ್ಲಿಂಗ ಆಗಿಲ್ಲ. ಅದರ ವಿಭಕ್ತಿ ಬದಲಾಗಿದೆ, ಅಷ್ಟೇ. ಕನ್ನಡದಲ್ಲಿ 'ಚೀಲದಲ್ಲಿ' ಸಪ್ತಮಿ, ಜರ್ಮನ್ನಲ್ಲಿ 'ಇನ್' ಆದಮೇಲೆ ಇಲ್ಲಿ ಚತುರ್ಥಿ. ಕನ್ನಡದಲ್ಲಿ ನಾವು ಚೀಲ, ಚೀಲವನ್ನು, ಚೀಲಕ್ಕೆ, ಚೀಲದ ಎಂದು ಪದದ ಕೊನೆಯನ್ನು ಬದಲಿಸುತ್ತೇವೆ. ಜರ್ಮನ್ನರು ಹೆಚ್ಚಾಗಿ ಪದವನ್ನು ಹಾಗೇ ಬಿಟ್ಟು ಅದರ ಮುಂದಿನ ಡೇರ್-ಡೀ-ಡಾಸ್ ಬದಲಿಸುತ್ತಾರೆ. ಸ್ತ್ರೀಲಿಂಗದ ಡೀ ಚತುರ್ಥಿಯಲ್ಲೂ ಷಷ್ಠಿಯಲ್ಲೂ ಡೇರ್ ಆಗುತ್ತದೆ. ರೈಲು ನಿಲ್ದಾಣದಲ್ಲಿ 'ಫೋರ್‌ಝಿಷ್ಟ್ ಆನ್ ಡೇರ್ ಬಾನ್‌ಶ್ಟೈಗ್‌ಕಾಂಟೆ' ಎಂಬ ಎಚ್ಚರಿಕೆ ಕೇಳುತ್ತೀರಿ. ಪ್ಲಾಟ್‌ಫಾರ್ಮ್ ಅಂಚಿನಲ್ಲಿ ಹುಷಾರು ಎಂದು. ಅಂಚು ಡೀ ಕಾಂಟೆ, ಸ್ತ್ರೀಲಿಂಗ. 'ಆನ್' ಆದಮೇಲೆ ಇಲ್ಲಿ ಚತುರ್ಥಿ ಬೇಕು, ಹಾಗಾಗಿ ಡೇರ್.

ಆದ್ದರಿಂದ ಒಂದು ಪದದ ಲಿಂಗವನ್ನು ಕಿವಿಯಿಂದ ಹಿಡಿಯುವಾಗ ಯಾವ ಸುಳಿವು ಗಟ್ಟಿ, ಯಾವುದು ಸಡಿಲ ಎಂದು ತಿಳಿದಿರಬೇಕು. ಡೇರ್ ಮತ್ತು ಡೀ ಎರಡೂ ಸಡಿಲ. ಡೇರ್ ಪುಲ್ಲಿಂಗದ ಪ್ರಥಮಾ ಆಗಿರಬಹುದು, ಸ್ತ್ರೀಲಿಂಗದ ಚತುರ್ಥಿಯೂ ಆಗಿರಬಹುದು. ಡೀ ಸ್ತ್ರೀಲಿಂಗ ಆಗಿರಬಹುದು, ಯಾವುದೇ ಲಿಂಗದ ಬಹುವಚನವೂ ಆಗಿರಬಹುದು. ಡೀ ಕಿಂಡರ್ ಎಂದು ಕೇಳಿ ಮಗು ಸ್ತ್ರೀಲಿಂಗ ಎಂದುಕೊಳ್ಳಬೇಡಿ. ಅದು ಮಕ್ಕಳು. ಒಂದೇ ಮಗುವಾದರೆ ಡಾಸ್ ಕಿಂಟ್. ಡೀ ಎಲ್ಟರ್ನ್ (ತಂದೆತಾಯಿ), ಡೀ ಲೊಯ್ಟೆ (ಜನ), ಡೀ ಫೇರಿಯೆನ್ (ರಜೆ) ಬಹುವಚನದಲ್ಲೇ ಬಳಕೆಯಾಗುವ ಪದಗಳು. ಅವುಗಳ ಲಿಂಗ ಹುಡುಕುವ ಅಗತ್ಯವೇ ಇಲ್ಲ.

ಗಟ್ಟಿ ಸುಳಿವುಗಳು ಬೇರೆ ಇವೆ. ನಾಮಪದದ ಮುಂದೆ ಐನೆನ್ ಕೇಳಿಸಿದರೆ ಪುಲ್ಲಿಂಗ, ಅನುಮಾನವೇ ಬೇಡ. 'ತ್ಸೂರ್' ಕೇಳಿಸಿದರೆ ಸ್ತ್ರೀಲಿಂಗ: ತ್ಸೂರ್ ಪೋಸ್ಟ್, ಅಂದರೆ ಅಂಚೆ ಕಚೇರಿಗೆ. 'ಇನ್ಸ್' ಕೇಳಿಸಿದರೆ ನಪುಂಸಕ: ಇನ್ಸ್ ಕೀನೊ, ಸಿನಿಮಾಗೆ. 'ತ್ಸುಮ್', 'ಇಮ್', 'ಡೇಮ್' ಅರ್ಧ ಸುಳಿವು. ಇವು ಬಂದರೆ ಸ್ತ್ರೀಲಿಂಗ ಅಲ್ಲ ಎನ್ನುವುದು ಖಚಿತ, ಉಳಿದೆರಡರಲ್ಲಿ ಯಾವುದು ಎಂದು ಗೊತ್ತಾಗುವುದಿಲ್ಲ. ಡೇನ್ ಬಂದರೆ ಪುಲ್ಲಿಂಗ. ಆದರೆ ಡೇನ್ ಕಿಂಡರ್ನ್ ಎಂಬಂತೆ ಬಹುವಚನ ಪದದ ಕೊನೆಗೆ 'ನ್' ಇದ್ದರೆ ಅದು 'ಮಕ್ಕಳಿಗೆ' ಎಂಬ ಚತುರ್ಥಿ.

ಇನ್ನೊಂದು ಬಲೆ ಇದೆ. 'ಡಾಸ್ ಇಸ್ಟ್ ಡೇರ್ ಬಾನ್‌ಹೋಫ್' ಎಂದರೆ 'ಇದು ರೈಲು ನಿಲ್ದಾಣ'. ಮೊದಲು ಬಂದ ಡಾಸ್ ಬರೀ 'ಇದು'. ಅದಕ್ಕೂ ನಿಲ್ದಾಣದ ಲಿಂಗಕ್ಕೂ ಸಂಬಂಧವಿಲ್ಲ.

ಜರ್ಮನ್ನರು ದಿನವಿಡೀ ಹೇಳುವ ಶುಭಾಶಯಗಳಲ್ಲೂ ಲಿಂಗ ಅಡಗಿದೆ. ಗೂಟೆನ್ ಮೊರ್ಗೆನ್, ಗೂಟೆನ್ ಟಾಕ್, ಗೂಟೆನ್ ಆಬೆಂಟ್. ಮೂರಕ್ಕೂ 'ಗೂಟೆನ್', ಮೂರೂ ಪುಲ್ಲಿಂಗ. ರಾತ್ರಿಗೆ ಮಾತ್ರ 'ಗೂಟೆ ನಾಖ್ಟ್', ಯಾಕೆಂದರೆ ಡೀ ನಾಖ್ಟ್. ಹುಷಾರಿಲ್ಲದವರಿಗೆ 'ಗೂಟೆ ಬೆಸರುಂಗ್' ಎನ್ನುತ್ತಾರೆ, ಬೇಗ ಗುಣವಾಗಲಿ ಎಂದು. ಉಂಗ್ ಬಾಲ, ಹಾಗಾಗಿ ಸ್ತ್ರೀಲಿಂಗ. ಶುಕ್ರವಾರ ಸಂಜೆ 'ಶೋನೆಸ್ ವೋಖೆನ್‌ಎಂಡೆ', ಒಳ್ಳೆಯ ವಾರಾಂತ್ಯ. ಆ 'ಎಸ್' ಡಾಸ್‌ನ ಎಸ್. ಈ ಮಾತುಗಳು ನಿಮಗೆ ಈಗಾಗಲೇ ಬಾಯಿಗೆ ಬರುತ್ತವೆ. ಅಂದರೆ ಇಷ್ಟು ಪದಗಳ ಲಿಂಗ ನಿಮಗೆ ಈಗಾಗಲೇ ಗೊತ್ತು. ಅನುಮಾನ ಬಂದಾಗ ಶುಭಾಶಯವನ್ನು ನೆನೆಸಿಕೊಳ್ಳಿ.

ಲಕ್ಷಣ: ಎಲ್ಲದಕ್ಕೂ ಬಾಯಲ್ಲಿ 'ಎಸ್' (ಅದು) ಬರುತ್ತದೆ

ಇದು ಕನ್ನಡಿಗರಲ್ಲಿ ಸಹಜವಾಗಿ ಬರುವ ದೋಷ. ಬೀಗದ ಕೈ ಎಲ್ಲಿ ಎಂದು ಕೇಳಿದರೆ 'ಅದು ಮೇಜಿನ ಮೇಲಿದೆ' ಎನ್ನುತ್ತೇವೆ. 'ಅದು' ಎಂದರೆ ಎಸ್ ಎಂದು ಮೊದಲ ಪಾಠದಲ್ಲೇ ಕಲಿತಿರುತ್ತೇವೆ. ಆದರೆ ಜರ್ಮನ್ನಲ್ಲಿ ಬೀಗದ ಕೈಗೆ 'ಎರ್' ಅನ್ನಬೇಕು, ಅಂದರೆ 'ಅವನು'. ಚೀಲಕ್ಕೆ 'ಝೀ', ಅಂದರೆ 'ಅವಳು'. ಪುಸ್ತಕಕ್ಕೆ ಮಾತ್ರ ಎಸ್.

ಪರೀಕ್ಷೆ ಸುಲಭ. ಕೊಠಡಿಯಲ್ಲಿ ಕಾಣುವ ವಸ್ತುಗಳ ಬಗ್ಗೆ ಎರಡೆರಡು ವಾಕ್ಯ ಹೇಳಿ. ಮೊದಲನೆಯದರಲ್ಲಿ ಹೆಸರು, ಎರಡನೆಯದರಲ್ಲಿ ಎರ್, ಝೀ ಅಥವಾ ಎಸ್. ಮೊದಲ ವಾಕ್ಯ ಸರಿ ಬಂದು ಎರಡನೆಯದು ತಪ್ಪಿದರೆ ನಿಮಗೆ ಲಿಂಗ ಗೊತ್ತಿದೆ, ಅದನ್ನು ಮುಂದಿನ ವಾಕ್ಯಕ್ಕೆ ತೆಗೆದುಕೊಂಡು ಹೋಗುತ್ತಿಲ್ಲ. ಇದಕ್ಕೆ ಪಟ್ಟಿ ಓದಿ ಪ್ರಯೋಜನವಿಲ್ಲ, ಮಾತಾಡಿಯೇ ಸರಿಯಾಗಬೇಕು.

ಲಕ್ಷಣ: ಅರ್ಥ ನೋಡಿ ಊಹಿಸಿದರೆ ಯಾವಾಗಲೂ ತಪ್ಪುತ್ತದೆ

ನಮಗೆ ಸೂರ್ಯ ಹುಟ್ಟುತ್ತಾನೆ, ಚಂದ್ರನೂ ಬರುತ್ತಾನೆ. ಜರ್ಮನ್ನರಿಗೆ ಸೂರ್ಯ ಡೀ ಝೊನೆ, ಸ್ತ್ರೀಲಿಂಗ. ಚಂದ್ರ ಡೇರ್ ಮೋಂಟ್. ಹುಡುಗಿ ಡಾಸ್ ಮೇಡ್‌ಶೆನ್, ಯಾಕೆಂದರೆ 'ಶೆನ್' ಬಾಲ ಅರ್ಥವನ್ನು ಕೇಳುವುದೇ ಇಲ್ಲ. ಆದ್ದರಿಂದ ವಸ್ತುವಿನ ಗುಣ ನೋಡಿ ಲಿಂಗ ಹೇಳುವ ಅಭ್ಯಾಸ ಬಿಡಿ.

ಆದರೆ ಅರ್ಥದ ಕೆಲವು ಗುಂಪುಗಳು ಕೈ ಕೊಡುವುದಿಲ್ಲ. ವಾರದ ದಿನ, ತಿಂಗಳು, ಋತು, ದಿಕ್ಕು ಎಲ್ಲವೂ ಡೇರ್. ಮಳೆ, ಹಿಮ, ಗಾಳಿ, ಮಂಜು ಕೂಡ ಡೇರ್. ಅಂಕಿಗಳನ್ನು ಹೆಸರಾಗಿ ಬಳಸಿದರೆ ಡೀ: ಡೀ ಐನ್ಸ್. ಮದ್ಯಗಳು ಹೆಚ್ಚಾಗಿ ಡೇರ್, ಬಿಯರ್ ಮಾತ್ರ ಡಾಸ್ ಬೀರ್. ಹಣ್ಣುಗಳು ಹೆಚ್ಚಾಗಿ ಡೀ, ಆದರೆ ಸೇಬು ಡೇರ್ ಆಪ್‌ಫೆಲ್. ವಾಹನಗಳದ್ದು ನನಗೆ ಬಹಳ ಇಷ್ಟದ ಉದಾಹರಣೆ. ಡೇರ್ ಬಿಎಂಡಬ್ಲ್ಯು ಎಂದರೆ ಕಾರು, ಡೀ ಬಿಎಂಡಬ್ಲ್ಯು ಎಂದರೆ ಬೈಕು. ಯಾವ ಗಾಡಿ ಎಂದು ಆರ್ಟಿಕಲ್ ಒಂದೇ ಹೇಳಿಬಿಡುತ್ತದೆ.

ಲಕ್ಷಣ: ಉದ್ದ ಪದ, ಕತ್ತರಿಸಿದ ಪದ, ಇಂಗ್ಲಿಷ್ ಪದ

ಸಮಾಸ ಪದವಾದರೆ ಕೊನೆಯ ತುಂಡನ್ನು ಮಾತ್ರ ನೋಡಿ. ಡಾಸ್ ಹೌಸ್, ಡೀ ಟ್ಯೂರ್, ಎರಡೂ ಸೇರಿ ಡೀ ಹೌಸ್‌ಟ್ಯೂರ್, ಮನೆಬಾಗಿಲು. ಡೀ ಹಾಂಟ್, ಡೇರ್ ಶೂ, ಸೇರಿ ಡೇರ್ ಹಾಂಟ್‌ಶೂ, ಕೈಗವಸು. ಹೊರಗೆ ನಿಲ್ಲುವ ಪದಗಳು ಕೆಲವೇ: ಡಾಸ್ ವೋರ್ಟ್ ಆದರೂ ಉತ್ತರ ಡೀ ಆಂಟ್‌ವೋರ್ಟ್.

ಕತ್ತರಿಸಿದ ಪದವಾದರೆ ಪೂರ್ತಿ ರೂಪ ನೆನಪಿಸಿಕೊಳ್ಳಿ. ಡೀ ಉನಿ ಬಂದದ್ದು ಉನಿವೆರ್ಸಿಟೇಟ್‌ನಿಂದ. ಡೇರ್ ಆಕ್ಕು (ಬ್ಯಾಟರಿ) ಆಕ್ಕುಮುಲಾಟೋರ್‌ನಿಂದ. ಡಾಸ್ ಫೋಟೊ ಮಾತ್ರ ಡೀ ಫೋಟೋಗ್ರಾಫೀಯ ಲಿಂಗ ಉಳಿಸಿಕೊಂಡಿಲ್ಲ. ಐಟಿ ಕೆಲಸದವರಿಗೆ ಇಂಗ್ಲಿಷ್ ಪದಗಳು ದಿನಾ ಬೇಕು: ಡೇರ್ ಜಾಬ್, ಡೀ ಆಪ್, ಡಾಸ್ ಟೀಮ್, ಡಾಸ್ ಮೀಟಿಂಗ್. ಲ್ಯಾಪ್‌ಟಾಪ್‌ಗೆ ಡೇರ್ ಅಂದರೂ ಸರಿ, ಡಾಸ್ ಅಂದರೂ ಸರಿ.

ಲಕ್ಷಣ: ಇಬ್ಬರು ಜರ್ಮನ್ ಮಾತಾಡುವವರು ಬೇರೆ ಬೇರೆ ಹೇಳುತ್ತಾರೆ

ಮೊದಲು ಕೇಳಬೇಕಾದ್ದು: ಯಾವ ಊರಿನವರು? ಈಮೇಲ್ ಜರ್ಮನಿಯಲ್ಲಿ ಡೀ, ಆಸ್ಟ್ರಿಯಾ ಮತ್ತು ಸ್ವಿಟ್ಜರ್ಲೆಂಡ್‌ನಲ್ಲಿ ಡಾಸ್ ಕೂಡ ಕೇಳಿಸುತ್ತದೆ. ಕೋಲಾ ದಕ್ಷಿಣ ಜರ್ಮನಿಯಲ್ಲಿ ಡಾಸ್ ಆಗಬಹುದು. ಬವೇರಿಯಾದ ಆಡುಮಾತಿನಲ್ಲಿ ಬೆಣ್ಣೆಯೇ ಡೇರ್ ಬುಟರ್. ಇದು ದೋಷವಲ್ಲ. ಇಲ್ಲಿ ರಿಪೇರಿ ನಿಲ್ಲಿಸಿ. ಪರೀಕ್ಷೆಗೆ ಓದುತ್ತಿದ್ದರೆ ಪಠ್ಯಪುಸ್ತಕದ ರೂಪ ಹಿಡಿದುಕೊಳ್ಳಿ, ಸಾಕು.

ಊರು ಒಂದೇ ಆಗಿದ್ದೂ ಎರಡು ರೂಪ ಕೇಳಿಸಿದರೆ ಎಚ್ಚರ ವಹಿಸಿ. ಅಲ್ಲಿ ಅರ್ಥವೇ ಬೇರೆ ಇರಬಹುದು. ಡೇರ್ ಝೇ ಎಂದರೆ ಸರೋವರ, ಡೀ ಝೇ ಎಂದರೆ ಸಮುದ್ರ. ಹಾಗಾಗಿ ಡೇರ್ ಬೋಡೆನ್‌ಝೇ ಸರೋವರ, ಡೀ ನೋರ್ಟ್‌ಝೇ ಸಮುದ್ರ. ಡೇರ್ ಲೈಟರ್ ಮುಖ್ಯಸ್ಥ, ಡೀ ಲೈಟರ್ ಏಣಿ. ಡೀ ಶ್ಟೊಯರ್ ತೆರಿಗೆ, ಡಾಸ್ ಶ್ಟೊಯರ್ ಗಾಡಿಯ ಸ್ಟೀರಿಂಗ್. ಡಾಸ್ ಗೆಹಾಲ್ಟ್ ಸಂಬಳ, ಡೇರ್ ಗೆಹಾಲ್ಟ್ ಒಂದು ವಸ್ತುವಿನಲ್ಲಿರುವ ಅಂಶ. ಕೆಲಸದ ಕರಾರು, ತೆರಿಗೆ ಪತ್ರ ಓದುವಾಗ ಇಂಥ ಪದ ಸಿಕ್ಕರೆ ಆರ್ಟಿಕಲ್ ನೋಡದೆ ಅರ್ಥ ಮಾಡಬೇಡಿ. ಸಹಿ ಹಾಕುವ ಮೊದಲು ಭಾಷೆ ಚೆನ್ನಾಗಿ ಬಲ್ಲವರಿಂದ ಓದಿಸಿ.

ಎಚ್ಚರಿಕೆಗಳು

ಲಿಂಗ ಗೊತ್ತಿಲ್ಲದಾಗ 'ಡ' ಎಂದು ನುಂಗಿ ಮುಂದೆ ಹೋಗುವ ಅಭ್ಯಾಸ ಬೇಡ. ಹಾಗೆ ಮಾಡಿದರೆ ತಪ್ಪು ಯಾರಿಗೂ ಕೇಳಿಸುವುದಿಲ್ಲ, ತಿದ್ದುವವರೂ ಸಿಗುವುದಿಲ್ಲ. ಸ್ಪಷ್ಟವಾಗಿ ತಪ್ಪು ಹೇಳುವುದು ಎಷ್ಟೋ ಮೇಲು.

ಆದರೆ ತುರ್ತು ಸಮಯದಲ್ಲಿ ವ್ಯಾಕರಣ ಮರೆತುಬಿಡಿ. ಜರ್ಮನಿಯಲ್ಲಿ ಆಂಬುಲೆನ್ಸ್ ಮತ್ತು ಅಗ್ನಿಶಾಮಕಕ್ಕೆ 112, ಪೊಲೀಸರಿಗೆ 110. ಕರೆ ಮಾಡಿದಾಗ ವಿಳಾಸ, ಏನಾಯಿತು, ಎಷ್ಟು ಜನ ಎಂದು ಹೇಳಿ. ಡೇರ್ ಇಲ್ಲದಿದ್ದರೂ ಅರ್ಥವಾಗುತ್ತದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನರ್ಸ್‌ಗಳಿಗೂ ಇದೇ ಮಾತು. ಪಾಳಿ ಬದಲಾಗುವಾಗ ಔಷಧಿಯ ಹೆಸರು, ಪ್ರಮಾಣ, ಸಮಯ ಸರಿಯಿರಬೇಕು. ಆರ್ಟಿಕಲ್ ಆಮೇಲೆ ಸರಿಮಾಡಿಕೊಳ್ಳಬಹುದು.

ಯಾವಾಗ ಸಹಾಯ ಕೇಳಬೇಕು

ಬಾಲ ಇಲ್ಲ, ಗುಂಪು ಇಲ್ಲ, ಸಮಾಸವೂ ಅಲ್ಲ ಎಂದಾದರೆ ಊಹೆ ನಿಲ್ಲಿಸಿ. ಬೌಮ್ (ಮರ) ಡೇರ್, ವಾಂಟ್ (ಗೋಡೆ) ಡೀ, ಹೌಸ್ ಡಾಸ್. ಇಂಥ ಪುಟ್ಟ ಪದಗಳಲ್ಲಿ ಪುಲ್ಲಿಂಗ ಜಾಸ್ತಿ ಎನ್ನುವುದು ನಿಜ. ಆದರೆ ಒಂದು ಪದಕ್ಕೆ ಉತ್ತರ ಬೇಕಾದಾಗ ಅದು ಸಾಲದು. ಡೂಡೆನ್ ನಿಘಂಟು ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ, ಪದ ಹಾಕಿದರೆ ಸಾಕು. ಅಲ್ಲಿಯೇ ಎರಡು ಆರ್ಟಿಕಲ್ ಕೊಟ್ಟಿದ್ದರೆ ಎರಡೂ ಸರಿ. ಜರ್ಮನ್ ಕಲಿಸುವ ಸಂಸ್ಥೆಯಾದ ಗೋಥೆ ಇನ್‌ಸ್ಟಿಟ್ಯೂಟ್ ತನ್ನ ಎ1 (ಮೊದಲ ಹಂತದ) ಪರೀಕ್ಷೆಗೆ ಪದಪಟ್ಟಿಯನ್ನು ಉಚಿತವಾಗಿ ಕೊಡುತ್ತದೆ. ಅದರಲ್ಲಿರುವುದು ಸುಮಾರು 650 ಪದ. ಮೊದಲು ಅದರಲ್ಲಿರುವ ನಾಮಪದಗಳನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ.

ಇಷ್ಟೆಲ್ಲ ಮಾಡಿಯೂ ಬರವಣಿಗೆಯಲ್ಲಿ ಕೆಂಪು ಗೆರೆಗಳು ಕಡಿಮೆಯಾಗದಿದ್ದರೆ ಮೇಷ್ಟ್ರ ಹತ್ತಿರ ಹೋಗಿ. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ (ಗೋಥೆ ಇನ್‌ಸ್ಟಿಟ್ಯೂಟ್‌ನ ಇಲ್ಲಿನ ಶಾಖೆ) ಕಲಿಯುತ್ತಿರಲಿ, ಊರಿನ ಯಾವುದೋ ಚಿಕ್ಕ ತರಗತಿಯಲ್ಲಿ ಕಲಿಯುತ್ತಿರಲಿ, ಖಾಲಿ ಕೈಯಲ್ಲಿ ಹೋಗಬೇಡಿ. ನೀವು ಬರೆದ ಒಂದು ಪುಟ ತೆಗೆದುಕೊಂಡು ಹೋಗಿ. ತಪ್ಪಾದ ಪ್ರತಿ ಆರ್ಟಿಕಲ್ ಪಕ್ಕ ಪೆನ್ಸಿಲ್‌ನಲ್ಲಿ ಗುರುತು ಹಾಕಿರಿ. ಪದದ ಮೂಲ ಲಿಂಗವೇ ಗೊತ್ತಿರಲಿಲ್ಲ ಎಂದರೆ 'ಲಿಂ', ಲಿಂಗ ಗೊತ್ತಿದ್ದೂ ರೂಪ ತಪ್ಪಿತು ಎಂದರೆ 'ವಿ'. 'ಲಿಂ' ಜಾಸ್ತಿ ಇದ್ದರೆ ಪದಗಳನ್ನು ಕಲಿಯುವ ರೀತಿ ಬದಲಾಗಬೇಕು. 'ವಿ' ಜಾಸ್ತಿ ಇದ್ದರೆ ಇನ್ನಷ್ಟು ಪದಪಟ್ಟಿ ಕೇಳಬೇಡಿ, 'ಮಿಟ್', 'ಇನ್', 'ಆನ್', 'ಔಫ್' ಆದಮೇಲೆ ಯಾವ ವಿಭಕ್ತಿ ಬರುತ್ತದೆ ಎನ್ನುವ ಪಾಠವನ್ನೇ ಮತ್ತೆ ಹೇಳಿಸಿಕೊಳ್ಳಿ.